ಋತುಬಂಧ ಮತ್ತು ಹಾರ್ಮೋನು ಚಿಕಿತ್ಸೆ: ಮಹಿಳೆಯರ ತಿಳಿವಳಿಕೆ ಹಾಗೂ ಮನೋಭಾವ

ಹೆಣ್ಣುಮಗಳು ಮೈನೆರೆದಾಗ ಮನೆಮಂದಿಯೆಲ್ಲ ಅದನ್ನು ಗಮನಿಸುತ್ತಾರೆ. ಆರತಿ ಬೆಳಗುವ, ಚಿಗಳಿ ಉಂಡೆ ಕೊಡುವ ಸಂಪ್ರದಾಯವು ಕರ್ನಾಟಕದ ಅನೇಕ ಮನೆತನಗಳಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಅದೇ ಮುಟ್ಟು ಮೂವತ್ತು ಮೂವತ್ತೈದು ವರ್ಷಗಳ ತರುವಾಯ ನಿಲ್ಲುವ ಕಾಲ ಬಂದಾಗ ಮಾತ್ರ ಆ ವಿಷಯವನ್ನು ಯಾರೂ ಎತ್ತುವುದಿಲ್ಲ. ರಾತ್ರಿ ಬೆವರಿ ಎಚ್ಚರಗೊಳ್ಳುವ ಗೃಹಿಣಿ ಮಗ್ಗುಲು ಬದಲಿಸಿ ಬೆಳಗಿನವರೆಗೆ ಕಾಯುತ್ತಾಳೆ. ಕಚೇರಿಯಲ್ಲಿ ಇದ್ದಕ್ಕಿದ್ದಂತೆ ಮುಖಕ್ಕೆ ಬಿಸಿ ಏರಿದ ಉದ್ಯೋಗಸ್ಥೆ ಸೆರಗಿನಿಂದ ಗಾಳಿ ಹಾಕಿಕೊಂಡು ಸುಮ್ಮನಾಗುತ್ತಾಳೆ. ಇದಕ್ಕೆ ಚಿಕಿತ್ಸೆ ಇದೆ ಎಂಬುದು ಅನೇಕರಿಗೆ ತಿಳಿಯದು. ತಿಳಿದವರಲ್ಲಿಯೂ ಹಲವರಿಗೆ ಅದರ ಬಗ್ಗೆ ನೆನಪಿರುವುದು ‘ಕ್ಯಾನ್ಸರ್’ ಎಂಬ ಒಂದೇ ಮಾತು. ಈ ಚಿಕಿತ್ಸೆ ಏನು, ಅದರ ಪ್ರಯೋಜನ ಮತ್ತು ಅಪಾಯಗಳು ಎಷ್ಟು, ಅದನ್ನು ಕುರಿತ ಭಯವು ಹೇಗೆ ಹುಟ್ಟಿತು ಎಂಬುದನ್ನು ಸರಳವಾಗಿ ತಿಳಿಸುವುದು ಈ ಲೇಖನದ ಉದ್ದೇಶವಾಗಿದೆ.

ಋತುಬಂಧ ಎಂದರೇನು?

ಅನ್ಯ ಕಾರಣವಿಲ್ಲದೆ ಹನ್ನೆರಡು ತಿಂಗಳ ಕಾಲ ಸತತವಾಗಿ ಮುಟ್ಟಾಗದಿದ್ದರೆ ಋತುಬಂಧವಾಯಿತೆಂದು ವೈದ್ಯರು ಪರಿಗಣಿಸುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಸರಾಸರಿ 51ನೆಯ ವಯಸ್ಸಿಗೆ ಸಂಭವಿಸುತ್ತದೆ. ಭಾರತೀಯ ಮಹಿಳೆಯರಲ್ಲಿ ಸರಾಸರಿ ವಯಸ್ಸು ಸುಮಾರು 46ರಿಂದ 47. ಸುಶ್ರುತ ಸಂಹಿತೆಯಲ್ಲಿ ರಜಸ್ಸು ಹನ್ನೆರಡನೆಯ ವರ್ಷಕ್ಕೆ ತೊಡಗಿ ಐವತ್ತಕ್ಕೆ ಕ್ಷಯಿಸುವುದೆಂದು ಹೇಳಿರುವುದನ್ನು ಇಲ್ಲಿ ಸ್ಮರಿಸಬಹುದು. 40 ವರ್ಷಕ್ಕಿಂತ ಮೊದಲೇ ಮುಟ್ಟು ನಿಂತರೆ ಅದು ಅಕಾಲಿಕ ಋತುಬಂಧ. ಅದಕ್ಕೆ ವೈದ್ಯಕೀಯ ತಪಾಸಣೆ ಅವಶ್ಯಕ.

ಅಂಡಾಶಯಗಳು ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎಂಬ ಎರಡು ಮುಖ್ಯ ಹಾರ್ಮೋನುಗಳನ್ನು ಸ್ರವಿಸುತ್ತವೆ. ಹಾರ್ಮೋನುಗಳು ರಕ್ತದ ಮೂಲಕ ಸಂಚರಿಸಿ ಬೇರೆ ಬೇರೆ ಅಂಗಗಳಿಗೆ ಸಂದೇಶ ಮುಟ್ಟಿಸುವುದರಿಂದ ಕನ್ನಡದ ವಿಜ್ಞಾನ ಲೇಖಕರು ಅವನ್ನು ‘ರಸದೂತ’ಗಳೆಂದು ಕರೆದುದುಂಟು. ಈಸ್ಟ್ರೋಜನ್ ಕೇವಲ ಗರ್ಭಕೋಶಕ್ಕೆ ಸಂಬಂಧಿಸಿದ್ದಲ್ಲ. ಮೂಳೆ, ಚರ್ಮ, ಮೂತ್ರಕೋಶ, ಯೋನಿಯ ಒಳಪದರ, ರಕ್ತನಾಳ ಹಾಗೂ ಮೆದುಳಿನಲ್ಲಿ ದೇಹದ ಉಷ್ಣತೆಯನ್ನು ನಿಯಂತ್ರಿಸುವ ಭಾಗ ಇವೆಲ್ಲವೂ ಅದರ ಪ್ರಭಾವಕ್ಕೆ ಒಳಪಟ್ಟಿವೆ. ಅದರ ಪ್ರಮಾಣ ಕುಗ್ಗಿದಾಗ ಮೈ ಬಿಸಿಯೇರುವುದು, ರಾತ್ರಿ ಬೆವರುವುದು, ನಿದ್ರಾಭಂಗ, ಕೀಲುನೋವು, ಮನಸ್ಸಿನ ಕಳವಳ, ಯೋನಿಯ ಶುಷ್ಕತೆ, ಮೇಲಿಂದ ಮೇಲೆ ಮೂತ್ರದ ಉರಿ ಮುಂತಾದವು ತಲೆದೋರುತ್ತವೆ. ಕೆಲವರಿಗೆ ಇವು ಕೆಲವೇ ತಿಂಗಳು ಇದ್ದು ಮಾಯವಾಗುತ್ತವೆ, ಹಲವರಿಗೆ ಅನೇಕ ವರ್ಷ ಮುಂದುವರಿಯುತ್ತವೆ, ಇನ್ನು ಕೆಲವರಿಗೆ ಯಾವ ತೊಂದರೆಯೂ ಆಗುವುದಿಲ್ಲ. ಮೂಳೆಗಳ ಸಾಂದ್ರತೆ ಮಾತ್ರ ಋತುಬಂಧದ ತರುವಾಯದ ಮೊದಲ ಕೆಲವು ವರ್ಷಗಳಲ್ಲಿ ಹೊರಗೆ ಕಾಣದಂತೆ ವೇಗವಾಗಿ ಕುಗ್ಗುತ್ತದೆ.

ಹಾರ್ಮೋನು ಚಿಕಿತ್ಸೆ ಎಂದರೇನು?

ಹೀಗೆ ಕೊರತೆಯಾದ ಈಸ್ಟ್ರೋಜನ್ನನ್ನು ಅಲ್ಪ ಪ್ರಮಾಣದಲ್ಲಿ ಹೊರಗಿನಿಂದ ಒದಗಿಸುವುದೇ ಹಾರ್ಮೋನು ಬದಲಿ ಚಿಕಿತ್ಸೆ. ಯೌವನದ ಮಟ್ಟವನ್ನು ಮರಳಿ ತರುವುದು ಇದರ ಗುರಿಯಲ್ಲದ ಕಾರಣ ‘ಬದಲಿ’ ಎಂಬ ಪದವನ್ನು ಬಿಟ್ಟು ‘ಋತುಬಂಧ ಹಾರ್ಮೋನು ಚಿಕಿತ್ಸೆ’ ಎನ್ನುವ ರೂಢಿ ಈಗ ವೈದ್ಯರಲ್ಲಿ ಬೆಳೆದಿದೆ. ಗರ್ಭಕೋಶವಿರುವ ಮಹಿಳೆಗೆ ಈಸ್ಟ್ರೋಜನ್ ಜೊತೆಗೆ ಪ್ರೊಜೆಸ್ಟರಾನ್ ವರ್ಗದ ಔಷಧಿಯನ್ನೂ ಕೊಡಲೇಬೇಕು. ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರ ಮಿತಿಮೀರಿ ಬೆಳೆದು ಕ್ಯಾನ್ಸರಿಗೆ ದಾರಿಯಾಗುವ ಸಂಭವವಿದೆ. ಗರ್ಭಕೋಶವನ್ನು ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕಾಗುತ್ತದೆ.

ಔಷಧಿಯು ಮಾತ್ರೆ, ಚರ್ಮಕ್ಕೆ ಅಂಟಿಸುವ ಪಟ್ಟಿ, ಸವರುವ ಲೇಪ ಮತ್ತು ಯೋನಿಯೊಳಗೆ ಬಳಸುವ ಮುಲಾಮು ಹೀಗೆ ಹಲವು ರೂಪಗಳಲ್ಲಿ ದೊರೆಯುತ್ತದೆ. ಇವುಗಳ ವ್ಯತ್ಯಾಸವನ್ನು ಅರಿಯುವುದು ಮುಖ್ಯ. ಮಾತ್ರೆಯು ಯಕೃತ್ತಿನ ಮೂಲಕ ಹಾದುಹೋಗುವುದರಿಂದ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ತುಸು ಹೆಚ್ಚಿಸುತ್ತದೆ. ಸಾಮಾನ್ಯ ಪ್ರಮಾಣದ ಪಟ್ಟಿ ಮತ್ತು ಲೇಪಗಳಲ್ಲಿ ಅಂತಹ ಹೆಚ್ಚಳ ಕಂಡುಬಂದಿಲ್ಲ. ಯೋನಿಯ ಶುಷ್ಕತೆಗಾಗಿ ಬಳಸುವ ಅಲ್ಪ ಪ್ರಮಾಣದ ಮುಲಾಮಿನಿಂದ ರಕ್ತಕ್ಕೆ ಸೇರುವ ಹಾರ್ಮೋನು ಅತ್ಯಲ್ಪ.

ಭರವಸೆಯಿಂದ ಭಯದವರೆಗೆ

ಈ ಚಿಕಿತ್ಸೆಯನ್ನು ಕುರಿತ ಮಹಿಳೆಯರ ಮನೋಭಾವ ಕಾಲಕಾಲಕ್ಕೆ ಬದಲಾಗಿರುವುದಕ್ಕೆ ಕಾರಣಗಳಿವೆ. ಗರ್ಭಿಣಿ ಕುದುರೆಗಳ ಮೂತ್ರದಿಂದ ಸಂಗ್ರಹಿಸಿದ ಈಸ್ಟ್ರೋಜನ್ ಮಾತ್ರೆಗೆ ಅಮೆರಿಕದಲ್ಲಿ 1942ರಲ್ಲಿ ಅನುಮತಿ ದೊರೆಯಿತು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯರು ಋತುಬಂಧವನ್ನು ಕೊರತೆಯ ಕಾಯಿಲೆಯೆಂದು ಬಣ್ಣಿಸಿ, ಈಸ್ಟ್ರೋಜನ್ ಸೇವನೆಯಿಂದ ಸ್ತ್ರೀತ್ವವನ್ನು ಚಿರಕಾಲ ಉಳಿಸಿಕೊಳ್ಳಬಹುದೆಂದು ಪ್ರತಿಪಾದಿಸುವ ಪುಸ್ತಕವೊಂದನ್ನು ಪ್ರಕಟಿಸಿದರು. ಲಕ್ಷಾಂತರ ಮಹಿಳೆಯರು ಮಾತ್ರೆಗೆ ಮೊರೆಹೋದರು. 1975ರಲ್ಲಿ ಈಸ್ಟ್ರೋಜನ್ ಒಂದನ್ನೇ ಸೇವಿಸುವವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚಾಗಿರುವುದು ಬೆಳಕಿಗೆ ಬಂದು ಬಳಕೆ ಕುಸಿಯಿತು. ಪ್ರೊಜೆಸ್ಟರಾನ್ ವರ್ಗದ ಔಷಧಿಯನ್ನು ಜೊತೆಗೂಡಿಸಿದ ಮೇಲೆ ಚಿಕಿತ್ಸೆ ಮತ್ತೆ ಜನಪ್ರಿಯವಾಯಿತು. ಹೃದಯದ ರಕ್ಷಣೆಗೂ ಇದು ಒಳ್ಳೆಯದೆಂಬ ನಂಬಿಕೆ 1990ರ ದಶಕದಲ್ಲಿ ವ್ಯಾಪಕವಾಗಿತ್ತು.

ಆ ನಂಬಿಕೆಯನ್ನು ಪರೀಕ್ಷಿಸಲೆಂದು ಅಮೆರಿಕದಲ್ಲಿ 50ರಿಂದ 79 ವರ್ಷದ ಮಹಿಳೆಯರ ಮೇಲೆ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಎಂಬ ಬೃಹತ್ ಅಧ್ಯಯನ ನಡೆಯಿತು. ಎರಡೂ ಹಾರ್ಮೋನುಗಳ ಸಂಯುಕ್ತ ಮಾತ್ರೆಯನ್ನು ಪರೀಕ್ಷಿಸಿದ ಅದರ ವಿಭಾಗದಲ್ಲಿ 16,608 ಮಂದಿ ಇದ್ದರು. ಹೃದ್ರೋಗ ಕಡಿಮೆಯಾಗುವ ಬದಲು ಹೆಚ್ಚಾದುದರಿಂದಲೂ ಸ್ತನ ಕ್ಯಾನ್ಸರ್ ಹೆಚ್ಚಿದುದರಿಂದಲೂ 2002ರ ಜುಲೈ ತಿಂಗಳಲ್ಲಿ ಆ ವಿಭಾಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಈ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಪ್ರಕಟವಾಗಿ ಅಸಂಖ್ಯಾತ ಮಹಿಳೆಯರು ಒಮ್ಮೆಲೇ ಔಷಧಿಯನ್ನು ತ್ಯಜಿಸಿದರು. ವೈದ್ಯರೂ ಬರೆದುಕೊಡಲು ಹಿಂಜರಿದರು. ಇಂದಿಗೂ ಉಳಿದಿರುವ ಭಯದ ಮೂಲ ಬಹುಮಟ್ಟಿಗೆ ಇದೇ ಆಗಿದೆ.

ಅಂಕಿಗಳನ್ನು ಓದುವ ಬಗೆ

ಆ ಅಧ್ಯಯನದಲ್ಲಿ ಸ್ತನ ಕ್ಯಾನ್ಸರ್ ‘ಶೇಕಡ 26ರಷ್ಟು ಹೆಚ್ಚಿತು’ ಎಂದು ವರದಿಯಾಯಿತು. ಇದನ್ನು ಕೇಳಿದವರು ಔಷಧಿ ಸೇವಿಸಿದ ನೂರು ಮಂದಿಯಲ್ಲಿ 26 ಮಂದಿಗೆ ಕ್ಯಾನ್ಸರ್ ಬಂದಿತೆಂದು ಅರ್ಥಮಾಡಿಕೊಳ್ಳುವುದು ಸಹಜ. ವಾಸ್ತವವಾಗಿ, ಒಂದು ವರ್ಷದಲ್ಲಿ ಔಷಧಿ ಸೇವಿಸದ 10,000 ಮಹಿಳೆಯರಲ್ಲಿ 30 ಮಂದಿಗೂ, ಸೇವಿಸಿದ 10,000 ಮಹಿಳೆಯರಲ್ಲಿ 38 ಮಂದಿಗೂ ಸ್ತನ ಕ್ಯಾನ್ಸರ್ ಕಾಣಿಸಿತು. ಅಂದರೆ ಹೆಚ್ಚಳವು ಹತ್ತು ಸಾವಿರಕ್ಕೆ ಎಂಟು. ಅದೇ ಲೆಕ್ಕದಲ್ಲಿ ಹೃದ್ರೋಗ 7, ಪಾರ್ಶ್ವವಾಯು 8 ಮತ್ತು ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವಿಕೆ 8 ಹೆಚ್ಚಿದವು. ದೊಡ್ಡ ಕರುಳಿನ ಕ್ಯಾನ್ಸರ್ 6 ಮತ್ತು ಸೊಂಟದ ಮೂಳೆ ಮುರಿತ 5 ಕಡಿಮೆಯಾದವು. ಈ ಅಪಾಯ ಸಣ್ಣದಾದರೂ ಇಲ್ಲವೆಂದು ಹೇಳುವಂತಿಲ್ಲ.

ಎರಡನೆಯದಾಗಿ, ಅಧ್ಯಯನದಲ್ಲಿ ಪಾಲ್ಗೊಂಡವರ ಸರಾಸರಿ ವಯಸ್ಸು 63 ಆಗಿತ್ತು. ಋತುಬಂಧವಾಗಿ ಹತ್ತು ಹದಿನೈದು ವರ್ಷ ಕಳೆದವರಲ್ಲಿ ದೊರೆತ ಫಲಿತಾಂಶವನ್ನು, ಬಿಸಿಯೇರುವ ತೊಂದರೆಯಿಂದ 48ನೆಯ ವಯಸ್ಸಿನಲ್ಲಿ ವೈದ್ಯರ ಬಳಿ ಬರುವ ಮಹಿಳೆಗೆ ನೇರವಾಗಿ ಅನ್ವಯಿಸಲಾಗದು. ಅದೇ ಅಂಕಿ ಅಂಶಗಳನ್ನು ವಯಸ್ಸಿಗೆ ತಕ್ಕಂತೆ ವಿಂಗಡಿಸಿ 2007ರಲ್ಲಿ ಪರಿಶೀಲಿಸಿದಾಗ, ಋತುಬಂಧಕ್ಕೆ ಸಮೀಪದಲ್ಲಿ ಚಿಕಿತ್ಸೆ ಆರಂಭಿಸಿದವರಲ್ಲಿ ಹೃದ್ರೋಗದ ಹೆಚ್ಚಳ ಕಾಣಲಿಲ್ಲ. 2017ರಲ್ಲಿ ಪ್ರಕಟವಾದ ಹದಿನೆಂಟು ವರ್ಷಗಳ ಅನುಸರಣೆಯ ವರದಿಯಲ್ಲಿ, ಔಷಧಿ ಸೇವಿಸಿದವರ ಮತ್ತು ಸೇವಿಸದವರ ಒಟ್ಟು ಮರಣ ಪ್ರಮಾಣದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ.

ಹಾಗೆಂದು ಎಚ್ಚರಿಕೆಯ ಅಗತ್ಯ ತಪ್ಪಿತೆಂದಲ್ಲ. 2019ರಲ್ಲಿ ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, 50ನೆಯ ವಯಸ್ಸಿನಿಂದ ಐದು ವರ್ಷ ಪ್ರತಿದಿನ ಸಂಯುಕ್ತ ಚಿಕಿತ್ಸೆ ಪಡೆದ ಪಾಶ್ಚಾತ್ಯ ಮಹಿಳೆಯರಲ್ಲಿ, 69ನೆಯ ವಯಸ್ಸಿನೊಳಗೆ ಸ್ತನ ಕ್ಯಾನ್ಸರ್ ಬರುವ ಪ್ರಮಾಣ ನೂರಕ್ಕೆ 6.3ರಿಂದ 8.3ಕ್ಕೆ ಏರುವುದೆಂದು ಅಂದಾಜಾಯಿತು. ಅಂದರೆ ಚಿಕಿತ್ಸೆ ಪಡೆದ ಸುಮಾರು 50 ಮಂದಿಗೆ ಒಬ್ಬರಂತೆ ಹೆಚ್ಚುವರಿ ರೋಗಿ. ಈಸ್ಟ್ರೋಜನ್ ಒಂದನ್ನೇ ಪಡೆದವರಲ್ಲಿ ಅದು 6.8. ಭಾರತದಲ್ಲಿ ಸ್ತನ ಕ್ಯಾನ್ಸರಿನ ಮೂಲ ಪ್ರಮಾಣ ಆ ದೇಶಗಳಿಗಿಂತ ಕಡಿಮೆಯಾದರೂ, ನಮ್ಮ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಅದೇ ಆಗಿದೆ. 2025ರ ನವೆಂಬರ್ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಈ ಔಷಧಿಗಳ ಮೇಲೆ ಹೃದ್ರೋಗ, ಸ್ತನ ಕ್ಯಾನ್ಸರ್ ಹಾಗೂ ಬುದ್ಧಿಮಾಂದ್ಯಕ್ಕೆ ಸಂಬಂಧಿಸಿ ಮುದ್ರಿಸಲಾಗುತ್ತಿದ್ದ ಚೌಕಟ್ಟಿನ ಎಚ್ಚರಿಕೆಯನ್ನು ತೆಗೆದುಹಾಕುವ ನಿರ್ಧಾರ ಪ್ರಕಟಿಸಿತು. ಗರ್ಭಕೋಶದ ಒಳಪದರದ ಕ್ಯಾನ್ಸರಿನ ಎಚ್ಚರಿಕೆಯನ್ನು ಈಸ್ಟ್ರೋಜನ್ ಒಂದೇ ಇರುವ ಔಷಧಿಗಳಿಗೆ ಉಳಿಸಿಕೊಂಡಿತು. ಇದರ ಅರ್ಥ ಔಷಧಿ ಎಲ್ಲರಿಗೂ ನಿರಪಾಯಕಾರಿ ಎಂದಲ್ಲ. ಪ್ರತಿ ಮಹಿಳೆಯ ವಿಷಯದಲ್ಲಿಯೂ ಪ್ರತ್ಯೇಕವಾಗಿ ತೂಗಿನೋಡಬೇಕು ಎಂದು ಮಾತ್ರ.

ನಮ್ಮ ಸಮಾಜದ ಮನೋಭಾವ

ಭಾರತದಲ್ಲಿ ಅನೇಕ ಮಹಿಳೆಯರು ಮುಟ್ಟು ನಿಲ್ಲುವುದನ್ನು ಬಿಡುಗಡೆಯೆಂದೇ ಸ್ವಾಗತಿಸುತ್ತಾರೆ. ಮಾರ್ಶಾ ಫ್ಲಿಂಟ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ ರಾಜಸ್ಥಾನ ಮತ್ತು ಹಿಮಾಚಲ ಪ್ರದೇಶಗಳ ರಜಪೂತ ಮಹಿಳೆಯರನ್ನು ಸಂದರ್ಶಿಸಿ 1975ರಲ್ಲಿ ಪ್ರಕಟಿಸಿದ ಲೇಖನವು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಋತುಬಂಧದ ತರುವಾಯ ಪರದೆಯಿಂದ ಹೊರಬಂದು ಗಂಡಸರೊಂದಿಗೆ ಕುಳಿತು ಮಾತನಾಡುವ ಸ್ವಾತಂತ್ರ್ಯ ದೊರೆಯುತ್ತಿದ್ದುದರಿಂದ ಆ ಮಹಿಳೆಯರು ತೊಂದರೆಗಳನ್ನು ಹೇಳಿಕೊಂಡದ್ದು ಬಹಳ ಕಡಿಮೆಯೆಂದು ಅವರು ಬರೆದರು. ಕನ್ನಡ ನಾಡಿನ ಮನೆಗಳಲ್ಲಿಯೂ ಮಡಿ, ಪೂಜೆ, ತೀರ್ಥಯಾತ್ರೆಗಳಿಗೆ ಅಡ್ಡಿ ತಪ್ಪಿತೆಂಬ ಸಮಾಧಾನ ಅಪರಿಚಿತವಲ್ಲ.

ಈ ಮನೋಭಾವದಲ್ಲಿ ಹಿತವಾದ ಅಂಶವಿದೆ. ಋತುಬಂಧವು ಕಾಯಿಲೆಯಲ್ಲ, ತೊಂದರೆಯಿಲ್ಲದವರು ಔಷಧಿ ಸೇವಿಸಬೇಕಾಗಿಲ್ಲ ಎಂಬ ವೈದ್ಯಕೀಯ ಅಭಿಪ್ರಾಯಕ್ಕೆ ಅದು ಹತ್ತಿರವಾಗಿದೆ. ಆದರೆ ‘ಇದೆಲ್ಲ ವಯಸ್ಸಿನ ಸಹಜ, ಸಹಿಸಿಕೊಳ್ಳಬೇಕು’ ಎಂಬ ಮಾತು ತೀವ್ರವಾಗಿ ನರಳುವವಳಿಗೂ ಅನ್ವಯವಾದಾಗ ಅದೇ ಮನೋಭಾವ ಹಾನಿ ಮಾಡುತ್ತದೆ. ತಿಂಗಳುಗಟ್ಟಲೆ ನಿದ್ದೆಯಿಲ್ಲದವಳನ್ನು ಸಿಡುಕಿಯೆಂದು ಕರೆಯುವುದು ಸುಲಭ. ಅವಳಿಗೆ ನಿದ್ದೆಯಿಲ್ಲ ಎಂಬುದನ್ನು ಕೇಳಿ ತಿಳಿಯುವವರು ವಿರಳ. ಯೋನಿಯ ಶುಷ್ಕತೆಯಿಂದ ದಾಂಪತ್ಯದಲ್ಲಿ ನೋವು ಅನುಭವಿಸುವ ಮಹಿಳೆ ಅದನ್ನು ಪತಿಗಾಗಲಿ ವೈದ್ಯರಿಗಾಗಲಿ ತಿಳಿಸದೆ ಹೋಗುವುದು ಇನ್ನೂ ಸಾಮಾನ್ಯ.

ಕೆಲವು ತಪ್ಪು ತಿಳಿವಳಿಕೆಗಳು

ಹಬ್ಬ, ಮದುವೆ ಅಥವಾ ಯಾತ್ರೆಗಾಗಿ ಮುಟ್ಟನ್ನು ಮುಂದೂಡಲು ಔಷಧಿ ಅಂಗಡಿಯಿಂದ ಮಾತ್ರೆ ತರಿಸಿಕೊಳ್ಳುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ಅದೂ ಪ್ರೊಜೆಸ್ಟರಾನ್ ವರ್ಗದ ಹಾರ್ಮೋನೇ ಎಂಬುದು ಅನೇಕರಿಗೆ ತಿಳಿಯದು. ವೈದ್ಯರನ್ನು ಕೇಳದೆ ಅದನ್ನು ನುಂಗುವವರೇ, ವೈದ್ಯರು ಸಲಹೆ ಮಾಡಿದ ಋತುಬಂಧದ ಚಿಕಿತ್ಸೆಯನ್ನು ‘ಹಾರ್ಮೋನು ಬೇಡ’ ಎಂದು ನಿರಾಕರಿಸುವುದುಂಟು. ಎರಡು ಸಂದರ್ಭಗಳಲ್ಲಿಯೂ ವೈದ್ಯರ ಸಲಹೆಯೇ ಆಧಾರವಾಗಬೇಕು.

ಹಾರ್ಮೋನು ಚಿಕಿತ್ಸೆ ಪಡೆಯುವಾಗ ಗರ್ಭ ನಿಲ್ಲುವುದಿಲ್ಲವೆಂದು ಭಾವಿಸುವುದು ತಪ್ಪು. ಮುಟ್ಟು ಏರುಪೇರಾಗುವ ವರ್ಷಗಳಲ್ಲಿ ಗರ್ಭಧಾರಣೆಯ ಸಾಧ್ಯತೆ ಇರುತ್ತದೆ. ಈ ಚಿಕಿತ್ಸೆ ಗರ್ಭನಿರೋಧಕವಲ್ಲ.

ಒಮ್ಮೆ ಆರಂಭಿಸಿದರೆ ಜೀವನಪೂರ್ತಿ ಬಿಡಲಾಗದು ಎಂಬುದೂ ನಿಜವಲ್ಲ. ವೈದ್ಯರು ವರ್ಷಕ್ಕೊಮ್ಮೆ ಪರಿಶೀಲಿಸಿ ಪ್ರಮಾಣವನ್ನು ಬದಲಿಸಬಹುದು, ನಿಲ್ಲಿಸಲೂಬಹುದು. ನಿಲ್ಲಿಸಿದಾಗ ಕೆಲವರಿಗೆ ಹಳೆಯ ತೊಂದರೆ ಮರುಕಳಿಸಬಹುದು.

ಎಲ್ಲಕ್ಕಿಂತ ಅಪಾಯಕರವಾದ ತಪ್ಪು ತಿಳಿವಳಿಕೆ ಬೇರೊಂದಿದೆ. ವರ್ಷಕ್ಕೂ ಹೆಚ್ಚು ಕಾಲ ನಿಂತಿದ್ದ ಮುಟ್ಟು ‘ಮತ್ತೆ ಬಂದಿತು’ ಎಂದು ಸುಮ್ಮನಿರುವವರಿದ್ದಾರೆ. ಋತುಬಂಧದ ತರುವಾಯ ಕಾಣುವ ರಕ್ತಸ್ರಾವ, ಒಂದೆರಡು ಹನಿಯಾದರೂ ಸರಿ, ಮುಟ್ಟಲ್ಲ. ಅದು ಕ್ಯಾನ್ಸರಿನ ಮೊದಲ ಸೂಚನೆಯಾಗಿರಬಹುದು. ಚಿಕಿತ್ಸೆ ಪಡೆಯುತ್ತಿರಲಿ, ಇಲ್ಲದಿರಲಿ, ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಗರ್ಭಕೋಶ ತೆಗೆಸಿಕೊಂಡವರ ಸಮಸ್ಯೆ

ನಮ್ಮ ದೇಶದಲ್ಲಿ ಸಹಜ ಋತುಬಂಧದ ವಯಸ್ಸಿಗೆ ಬಹಳ ಮೊದಲೇ ಶಸ್ತ್ರಚಿಕಿತ್ಸೆಯಿಂದ ಗರ್ಭಕೋಶವನ್ನು ಕಳೆದುಕೊಂಡ ಮಹಿಳೆಯರ ಸಂಖ್ಯೆ ಸಣ್ಣದಲ್ಲ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ ಮೂರಕ್ಕಿಂತ ಹೆಚ್ಚು ಮಂದಿ ಈ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ಆಂಧ್ರಪ್ರದೇಶ ಮತ್ತು ತೆಲಂಗಾಣಗಳಲ್ಲಿ ಈ ಪ್ರಮಾಣ ಅದಕ್ಕೂ ಬಹಳ ಮೇಲಿತ್ತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಮಹಿಳೆಯರು ಎಳೆಯ ವಯಸ್ಸಿನಲ್ಲಿಯೇ ಗರ್ಭಕೋಶ ತೆಗೆಸಿಕೊಳ್ಳುತ್ತಿರುವ ವಿಷಯ 2019ರಲ್ಲಿ ದೇಶದ ಗಮನ ಸೆಳೆಯಿತು. ಅನಗತ್ಯ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ರೂಪಿಸಿದ ಮಾರ್ಗಸೂಚಿಗಳನ್ನು ಅಳವಡಿಸಿಕೊಳ್ಳುವಂತೆ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ನಿರ್ದೇಶನ ನೀಡಿತು.

ಗರ್ಭಕೋಶದೊಂದಿಗೆ ಅಂಡಾಶಯಗಳನ್ನೂ ತೆಗೆದರೆ ಹಾರ್ಮೋನಿನ ಮಟ್ಟ ಒಂದೆರಡು ದಿನಗಳಲ್ಲಿಯೇ ಕುಸಿದು ತೊಂದರೆಗಳು ತೀವ್ರವಾಗುತ್ತವೆ. ಮೂಳೆ ಸವೆತ ಮತ್ತು ಹೃದ್ರೋಗದ ಅಪಾಯವೂ ಬೇಗನೆ ಎದುರಾಗುತ್ತದೆ. ಇಂತಹವರಿಗೂ ಅಕಾಲಿಕ ಋತುಬಂಧವಾದವರಿಗೂ, ವಿಶೇಷ ಅಡ್ಡಿಯಿಲ್ಲದಿದ್ದರೆ, ಸಹಜ ಋತುಬಂಧದ ವಯಸ್ಸಿನವರೆಗಾದರೂ ಹಾರ್ಮೋನು ಚಿಕಿತ್ಸೆ ನೀಡಬೇಕೆಂಬುದು ತಜ್ಞರ ಒಮ್ಮತದ ಅಭಿಪ್ರಾಯ. 63 ವರ್ಷದವರ ಅಧ್ಯಯನದಿಂದ ಹುಟ್ಟಿದ ಭಯದಿಂದಾಗಿ 35 ವರ್ಷದ ಮಹಿಳೆ ಔಷಧಿಯಿಂದ ವಂಚಿತಳಾಗಬಾರದು. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ನೀಡುವ ಮುನ್ನ ‘ಅಂಡಾಶಯಗಳನ್ನು ಉಳಿಸುವಿರಾ?’ ಎಂದು ಕೇಳುವುದು ಮತ್ತು ಬಿಡುಗಡೆಯ ಪತ್ರದಲ್ಲಿ ಏನನ್ನು ತೆಗೆಯಲಾಯಿತೆಂದು ಸ್ಪಷ್ಟವಾಗಿ ಬರೆಸಿಕೊಳ್ಳುವುದು ಪ್ರತಿ ಮಹಿಳೆಯ ಹಕ್ಕು.

ಯಾರಿಗೆ ಯುಕ್ತ, ಯಾರಿಗೆ ಸಲ್ಲದು?

ತೊಂದರೆ ತೀವ್ರವಾಗಿದ್ದು, ವಯಸ್ಸು 60ಕ್ಕಿಂತ ಕಡಿಮೆಯಿದ್ದು ಅಥವಾ ಋತುಬಂಧವಾಗಿ ಹತ್ತು ವರ್ಷ ಕಳೆಯದೆ ಇರುವ ಆರೋಗ್ಯವಂತ ಮಹಿಳೆಯರಲ್ಲಿ ಸಾಮಾನ್ಯವಾಗಿ ಪ್ರಯೋಜನವು ಅಪಾಯಕ್ಕಿಂತ ಹೆಚ್ಚು. ಸ್ತನ ಕ್ಯಾನ್ಸರ್ ಬಂದವರು, ಹೃದಯಾಘಾತ ಅಥವಾ ಪಾರ್ಶ್ವವಾಯುವಿಗೆ ತುತ್ತಾದವರು, ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಯಕೃತ್ತಿನ ಸಕ್ರಿಯ ರೋಗವುಳ್ಳವರು ಹಾಗೂ ಕಾರಣ ತಿಳಿಯದ ರಕ್ತಸ್ರಾವವಿರುವವರು ಇದನ್ನು ಸಾಮಾನ್ಯವಾಗಿ ಪಡೆಯಬಾರದು. ಮುಪ್ಪನ್ನು ತಡೆಯಲು, ಹೃದಯ ಅಥವಾ ಜ್ಞಾಪಕಶಕ್ತಿಯ ರಕ್ಷಣೆಗಾಗಿ ಮಾತ್ರವೇ ಇದನ್ನು ಸೇವಿಸುವುದು ಸರಿಯಲ್ಲ.

ಹಾರ್ಮೋನು ಸಲ್ಲದವರು ನಿರಾಶರಾಗಬೇಕಿಲ್ಲ. ಬಿಸಿಯೇರುವುದನ್ನು ಶಮನಗೊಳಿಸುವ ಹಾರ್ಮೋನೇತರ ಔಷಧಿಗಳಿವೆ. ನಿತ್ಯ ನಡಿಗೆ, ರಾಗಿ, ಹಾಲು, ಸೊಪ್ಪುಗಳಂತಹ ಸುಣ್ಣದ ಅಂಶವುಳ್ಳ ಆಹಾರ, ಬಿಸಿಲು, ತಂಬಾಕಿನಿಂದ ದೂರವಿರುವುದು ಇವೆಲ್ಲ ಮೂಳೆಗಳಿಗೆ ಹಿತಕರ. ‘ಗಿಡಮೂಲಿಕೆಯಿಂದ ಅಪಾಯವಿಲ್ಲ’ ಎಂಬ ಜಾಹೀರಾತನ್ನು ನಂಬಿ ತಾನಾಗಿ ಔಷಧಿ ಸೇವಿಸುವುದು ಮಾತ್ರ ತರವಲ್ಲ.

ವೈದ್ಯರ ಬಳಿಗೆ ಹೋಗುವ ಮುನ್ನ

ಹೊರ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡ ಮಹಿಳೆಯರಿಗೆ ಭಾಷೆಯ ತೊಡಕೂ ಇರುತ್ತದೆ. ದಿನಸಿ, ಬಸ್ಸು, ಶಾಲೆಯ ವಿಷಯ ಮಾತನಾಡಲು ಕಲಿತ ಭಾಷೆ ಇಂತಹ ಖಾಸಗಿ ನೋವನ್ನು ಹೇಳಲು ಒದಗುವುದಿಲ್ಲ. ಮಗನನ್ನೋ ಸೊಸೆಯನ್ನೋ ದುಭಾಷಿಯಾಗಿ ಕರೆದೊಯ್ದರೆ ಅರ್ಧ ಮಾತು ಗಂಟಲಲ್ಲೇ ಉಳಿಯುತ್ತದೆ. ಋತುಬಂಧಕ್ಕೆ ಹಿಂದಿ ಮತ್ತು ಮರಾಠಿಯಲ್ಲಿ ‘ರಜೋನಿವೃತ್ತಿ’, ತಮಿಳಿನಲ್ಲಿ ‘ಮಾದವಿಡಾಯ್ ನಿರುತ್ತಂ’, ತೆಲುಗಿನಲ್ಲಿ ‘ಋತುವಿರತಿ’ ಎಂಬ ಪದಗಳಿವೆ. ‘ಮೆನೋಪಾಸ್’ ಎಂದರೆ ಎಲ್ಲೆಡೆಯೂ ವೈದ್ಯರಿಗೆ ತಿಳಿಯುತ್ತದೆ. ಹೋಗುವ ಮುನ್ನ ಒಂದು ಕಾಗದದಲ್ಲಿ ಈ ಕೆಳಗಿನ ವಿವರಗಳನ್ನು ಬರೆದುಕೊಳ್ಳುವುದು ಉಪಯುಕ್ತ:

1. ಕೊನೆಯ ಮುಟ್ಟಿನ ತಿಂಗಳು ಮತ್ತು ವರ್ಷ.
2. ದಿನಕ್ಕೆ ಎಷ್ಟು ಬಾರಿ ಬಿಸಿಯೇರುತ್ತದೆ, ರಾತ್ರಿ ಎಷ್ಟು ಬಾರಿ ಎಚ್ಚರವಾಗುತ್ತದೆ.
3. ತಾಯಿ, ಸೋದರಿಯರಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದಿತೇ ಎಂಬುದು.
4. ಹಿಂದಿನ ಶಸ್ತ್ರಚಿಕಿತ್ಸೆಗಳು ಹಾಗೂ ಈಗ ಸೇವಿಸುತ್ತಿರುವ ಎಲ್ಲ ಔಷಧಿಗಳು, ಮನೆಮದ್ದುಗಳು.
5. ರಕ್ತದೊತ್ತಡ, ಸಕ್ಕರೆ ಕಾಯಿಲೆ, ರಕ್ತ ಹೆಪ್ಪುಗಟ್ಟಿದ ಪೂರ್ವ ಇತಿಹಾಸ.

ವೈದ್ಯರು ಔಷಧಿ ಸೂಚಿಸಿದಾಗ ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು: ಇದರಲ್ಲಿ ಒಂದು ಹಾರ್ಮೋನು ಇದೆಯೋ ಎರಡೋ? ಮಾತ್ರೆಯ ಬದಲು ಪಟ್ಟಿ ಅಥವಾ ಲೇಪ ನನಗೆ ಒಳ್ಳೆಯದೇ? ಮುಂದಿನ ಪರಿಶೀಲನೆ ಎಂದು? 30 ವರ್ಷ ಮೇಲ್ಪಟ್ಟವರಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ಹಾಗೂ ಸ್ತನ, ಗರ್ಭಕಂಠ ಮತ್ತು ಬಾಯಿಯ ಕ್ಯಾನ್ಸರಿನ ತಪಾಸಣೆಯನ್ನು ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮದಡಿ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ನಡೆಸಲಾಗುತ್ತದೆ. ಹಾರ್ಮೋನು ಚಿಕಿತ್ಸೆ ಆರಂಭಿಸುವವರೂ ಆರಂಭಿಸದಿರುವವರೂ ಈ ಸೌಲಭ್ಯದ ಪ್ರಯೋಜನ ಪಡೆಯತಕ್ಕದ್ದು.

ಹಾರ್ಮೋನು ಚಿಕಿತ್ಸೆ ಬೇಕೆಂದು ನಿರ್ಧರಿಸುವ ಮಹಿಳೆಯೂ ಬೇಡವೆಂದು ನಿರ್ಧರಿಸುವ ಮಹಿಳೆಯೂ ಸರಿಯಾದ ತೀರ್ಮಾನವನ್ನೇ ಕೈಗೊಂಡಿರಬಹುದು. ಆ ತೀರ್ಮಾನವು ನೆರೆಮನೆಯವರ ಮಾತಿನಿಂದಾಗಲಿ ಇಪ್ಪತ್ತು ವರ್ಷಗಳ ಹಿಂದಿನ ಪತ್ರಿಕೆಯ ತಲೆಬರಹದಿಂದಾಗಲಿ ಆಗದೆ, ತನ್ನ ವಯಸ್ಸು, ತನ್ನ ದೇಹಸ್ಥಿತಿ ಮತ್ತು ತನ್ನ ತೊಂದರೆಯ ತೀವ್ರತೆಯನ್ನು ವೈದ್ಯರೊಂದಿಗೆ ಚರ್ಚಿಸಿ ಆದುದಾಗಿರಬೇಕು. ಮನೆಯ ಗಂಡಸರೂ ಈ ಪುಟಗಳನ್ನು ಓದುವುದು ಒಳಿತು. ಮನೆಯಾಕೆ ರಾತ್ರಿ ಎದ್ದು ಕಿಟಕಿಯ ಬಳಿ ನಿಂತಿರುವುದನ್ನು ಕಂಡಾಗ, ಏನಾಗುತ್ತಿದೆ ಎಂದು ಕೇಳುವುದು ಅವರು ಮಾಡಬಹುದಾದ ಮೊದಲ ಸಹಾಯ.